ಆಫೀಸ್ ಮುಗಿಸಿ ಬರೆಯೋರು, ಊರು ಬಿಟ್ಟು ಓದೋರು

ಇವತ್ತಿನ ಮಾತು ಪುಸ್ತಕಗಳ ಬಗ್ಗೆ. ಆದರೆ ಒಂದು ಪುಸ್ತಕದ ವಿಮರ್ಶೆ ಅಲ್ಲ. ಕನ್ನಡದಲ್ಲಿ ಕಥೆ ಕಾದಂಬರಿ ಬರೆಯೋರು ಹೊಟ್ಟೆಪಾಡಿಗೆ ಏನು ಮಾಡ್ತಾರೆ, ಯಾವಾಗ ಬರೀತಾರೆ, ಅವರ ಪುಸ್ತಕ ಉಳಿಯೋದಕ್ಕೆ ನಮ್ಮಂಥ ಓದುಗರ ಗುಂಪುಗಳಿಂದ ಏನಾದರೂ ಉಪಯೋಗ ಇದೆಯಾ ಅನ್ನೋದು ವಿಷಯ.

ನಾನಿರೋದು ಪುಣೆಯಲ್ಲಿ. ಕೇಳ್ತಾ ಇರೋ ನಿಮ್ಮಲ್ಲಿ ಬಹಳ ಜನ ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಕಡೆ ಇದ್ದೀರಿ. ಮನೆ ಹತ್ತಿರ ಕನ್ನಡ ಪುಸ್ತಕದ ಅಂಗಡಿ ಇರೋದಿಲ್ಲ. ಆದರೆ ಫೋನ್ ತೆಗೆದರೆ ಮೂರ್ನಾಲ್ಕು ಪುಸ್ತಕದ ಗುಂಪುಗಳು ಇರ್ತವೆ. ಬೆಳಿಗ್ಗೆ ಒಂದು ಮುಖಪುಟದ ಫೋಟೋ, ಮಧ್ಯಾಹ್ನ ಒಂದು ಪಿಡಿಎಫ್, ರಾತ್ರಿ "ಸೂಪರ್ ಸರ್" ಅಂತ ಹತ್ತು ಉತ್ತರ. ಈ ಗುಂಪುಗಳು ಲೇಖಕರಿಗೆ ಆಸರೆ ಆಗಬಲ್ಲವು ಅಂತ ನನ್ನ ನಂಬಿಕೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಬರವಣಿಗೆಯೊಂದನ್ನೇ ನಂಬಿದವರು ಕಡಿಮೆ

"ಕೆಲಸ ಬಿಟ್ಟು ಕೂತರೆ ನಾನೂ ಬರೀಬಹುದು" ಅಂತ ನಮ್ಮಲ್ಲಿ ಸುಮಾರು ಜನ ಹೇಳ್ತಾರೆ. ಆದರೆ ಕನ್ನಡದಲ್ಲಿ ಒಳ್ಳೆಯ ಸಾಹಿತ್ಯದ ದೊಡ್ಡ ಪಾಲು ಬಂದಿದ್ದು ಕೆಲಸ ಬಿಡದೆ ಬರೆದವರಿಂದ.

ಯಶವಂತ ಚಿತ್ತಾಲರನ್ನೇ ನೋಡಿ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು. ಓದಿದ್ದು ರಸಾಯನ ತಂತ್ರಜ್ಞಾನ, ದುಡಿದದ್ದು ಮುಂಬೈಯ ರಾಸಾಯನಿಕ ಉದ್ಯಮದಲ್ಲಿ. ಅವರು ಕಥೆ ಬರೆದದ್ದು ಆ ನೌಕರಿಯ ಜೊತೆಜೊತೆಗೇ. 1979ರಲ್ಲಿ ಬಂದ 'ಶಿಕಾರಿ' ಕಾದಂಬರಿಯ ನಾಗಪ್ಪ ಒಂದು ಕಂಪನಿಯ ದೊಡ್ಡ ಹುದ್ದೆಯಲ್ಲಿರೋನು. ಇದ್ದಕ್ಕಿದ್ದ ಹಾಗೆ ಅವನ ಮೇಲೆ ಆರೋಪ ಬರುತ್ತೆ. ಆರೋಪ ಏನು, ಹೊರಿಸಿದವರು ಯಾರು, ಜೊತೆಗಿರೋರಲ್ಲಿ ಯಾರನ್ನು ನಂಬಬಹುದು, ಒಂದೂ ಅವನಿಗೆ ತಿಳಿಯಲ್ಲ. ಆಫೀಸಿನ ಒಳಗಿನ ಭಯವನ್ನ ಇಷ್ಟು ಹತ್ತಿರದಿಂದ ಬರೆಯೋಕೆ ಆಫೀಸಿನಲ್ಲಿ ದುಡಿದವರಿಗೇ ಸಾಧ್ಯ ಅಂತ ನನಗನ್ನಿಸುತ್ತೆ.

ಜಯಂತ ಕಾಯ್ಕಿಣಿ ಗೋಕರ್ಣದವರು, ಜೀವರಸಾಯನಶಾಸ್ತ್ರ ಓದಿದವರು. ಮುಂಬೈಯಲ್ಲಿ ಎರಡು ದಶಕದಷ್ಟು ಕಾಲ ಇದ್ದು, ಔಷಧ ಕಂಪನಿಯಲ್ಲಿ ಕೆಲಸ ಮಾಡ್ತಾ ಕಥೆ ಬರೆದರು. ಅವರ ಮುಂಬೈ ಕಥೆಗಳನ್ನ ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಸಿಕ್ಕಿತು. ಅಲ್ಲಿ ಬರೋ ಚಾಳು, ಲೋಕಲ್ ಟ್ರೈನು, ಇರಾನಿ ಹೋಟೆಲು ಊರಲ್ಲೇ ಕೂತಿದ್ದರೆ ಸಿಗ್ತಾ ಇರಲಿಲ್ಲ.

ಪಟ್ಟಿ ಇನ್ನೂ ಇದೆ. ಎಸ್.ಎಲ್. ಭೈರಪ್ಪನವರು ಗುಜರಾತಿನಲ್ಲೂ ದೆಹಲಿಯಲ್ಲೂ ಅಧ್ಯಾಪಕರಾಗಿದ್ದವರು. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಆಗಿನ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ನೌಕರಿಯಲ್ಲಿದ್ದರು. 'ತುಘಲಕ್' ಪ್ರಕಟವಾದದ್ದು ಆ ಅವಧಿಯಲ್ಲೇ, 1964ರಲ್ಲಿ. ವಿವೇಕ ಶಾನಭಾಗ ಎಂಜಿನಿಯರ್. ವಸುಧೇಂದ್ರ ವರ್ಷಾನುಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು, ಅಂದರೆ ನಮ್ಮವರೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್ ಹಾಸನದ ವಕೀಲರು. ಆ ಪುಸ್ತಕದಲ್ಲಿರೋ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಬರೆದವು. ಹೆಚ್ಚುಕಡಿಮೆ ಮೂವತ್ಮೂರು ವರ್ಷದ ಬೆಳೆ ಅದು. ಅಷ್ಟೂ ವರ್ಷ ಕೋರ್ಟು, ಮನೆ, ಸಂಘಟನೆ ಎಲ್ಲ ನಡೆದೇ ಇತ್ತು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೆ ಆ ಬಹುಮಾನದಲ್ಲಿ ಸಮಪಾಲು ಬಂತು.

ಒಂದು ಸಣ್ಣ ಲೆಕ್ಕ

ಯಾಕೆ ಹೀಗೆ? ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಕನ್ನಡದಲ್ಲಿ ಹೊಸ ಪುಸ್ತಕದ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ, ಈಗೀಗ ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಗೌರವಧನ ಅಂದರೆ ರಾಯಲ್ಟಿ, ಮುಖಬೆಲೆಯ ಶೇಕಡಾ 10ರ ಆಸುಪಾಸು. ಪುಸ್ತಕದ ಬೆಲೆ 200 ರೂಪಾಯಿ ಅಂತ ಇಟ್ಕೊಳ್ಳಿ. ಒಂದು ಪ್ರತಿಗೆ ಲೇಖಕರಿಗೆ 20 ರೂಪಾಯಿ. ಸಾವಿರಕ್ಕೆ ಸಾವಿರವೂ ಮಾರಾಟವಾದರೆ 20 ಸಾವಿರ. ಅದೂ ಒಂದೇ ತಿಂಗಳಲ್ಲಿ ಬರಲ್ಲ, ಎರಡು ಮೂರು ವರ್ಷದಲ್ಲಿ ಬರುತ್ತೆ. ಹಿಂಜೇವಾಡಿಯಲ್ಲಿ ಒಂದು ತಿಂಗಳ ಬಾಡಿಗೆಗೂ ಸಾಲೋದು ಕಷ್ಟ.

ಹಾಗಾದರೆ ನಾವು ಪುಸ್ತಕ ಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ ಅನ್ನಬಹುದಾ? ಅದು ಹಾಗಲ್ಲ. ಆ 20 ರೂಪಾಯಿಯಿಂದ ಲೇಖಕರ ಮನೆ ನಡೆಯಲ್ಲ, ನಿಜ. ಆದರೆ ಆ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರು ಎರಡನೇ ಮುದ್ರಣ ಹಾಕ್ತಾರೆ, ಅದೇ ಲೇಖಕರ ಮುಂದಿನ ಪುಸ್ತಕಕ್ಕೆ ಧೈರ್ಯ ಮಾಡ್ತಾರೆ. ಖರ್ಚಾಗದಿದ್ದರೆ ಉಳಿದ ಪ್ರತಿ ಗೋದಾಮಿನಲ್ಲಿ ಕೂರುತ್ತೆ. ಮುಂದಿನ ಹಸ್ತಪ್ರತಿ ಬಂದಾಗ "ಈಗ ಬೇಡ, ಸ್ವಲ್ಪ ತಡೀರಿ" ಅಂತಾರೆ. ಆಫೀಸ್ ಮುಗಿಸಿ, ಮಕ್ಕಳನ್ನ ಮಲಗಿಸಿ, ರಾತ್ರಿ ಹನ್ನೊಂದಕ್ಕೆ ಬರೆಯೋಕೆ ಕೂರೋರಿಗೆ ಆ ಮಾತು ಎರಡು ಸಲ ಕೇಳಿಸಿದರೆ ಸಾಕು, ಮೂರನೇ ಸಲ ಬರೆಯೋಕೆ ಕೂರಲ್ಲ. ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಐವತ್ತು ಓದುಗರು ಕೂಡ ಲೆಕ್ಕಕ್ಕೆ ಬರ್ತಾರೆ. ಸಾವಿರದಲ್ಲಿ ಐವತ್ತು ಅಂದರೆ ಇಪ್ಪತ್ತರಲ್ಲಿ ಒಂದು ಪಾಲು.

ಧಾರವಾಡದವರು 1933ರಲ್ಲಿ ಮಾಡಿದ್ದು

ಓದುಗರ ಗುಂಪು ಅನ್ನೋದು ವಾಟ್ಸಾಪ್ ಬಂದ ಮೇಲೆ ಹುಟ್ಟಿದ್ದಲ್ಲ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾಯ್ತು. ಅದನ್ನ ಕಟ್ಟಿ ಬೆಳೆಸಿದವರು 'ಜಡಭರತ' ಅನ್ನೋ ಹೆಸರಲ್ಲಿ ನಾಟಕ ಬರೆದ ಜಿ.ಬಿ. ಜೋಶಿಯವರು. ಅವರ ಪದ್ಧತಿ ಸರಳ. ಓದುಗರು ವರ್ಷದ ಚಂದಾ ಮುಂಗಡ ಕಟ್ಟಬೇಕು. ಆ ವರ್ಷ ಹೊರಬರೋ ಪುಸ್ತಕಗಳು ಚಂದಾದಾರರ ಮನೆಗೆ ಬರ್ತವೆ.

ಇದರಿಂದ ಆಗೋದೇನು? ಅಚ್ಚು ಹಾಕೋ ಮೊದಲೇ ಇಷ್ಟು ಪ್ರತಿ ಹೋಗುತ್ತೆ ಅಂತ ಪ್ರಕಾಶಕರಿಗೆ ಗೊತ್ತಿರುತ್ತೆ. ಕಾಗದ, ಅಚ್ಚಿನ ಖರ್ಚು ಸ್ವಲ್ಪ ಮಟ್ಟಿಗೆ ಮೊದಲೇ ಕೈಗೆ ಬಂದಿರುತ್ತೆ. ಹಾಗಾಗಿ ಹೆಸರಿಲ್ಲದ ಹೊಸಬರ ಪುಸ್ತಕ ಹಾಕೋ ಧೈರ್ಯ ಬರುತ್ತೆ. ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಮನೋಹರ ಗ್ರಂಥಮಾಲೆಯಿಂದ ಬಂತು. ಲೇಖಕರಿಗೆ ಆಗ ಇಪ್ಪತ್ತಮೂರರ ಆಸುಪಾಸು, ಇದ್ದದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ಓದ್ತಾ. ಊರಲ್ಲಿ ಇಲ್ಲದ ಹುಡುಗನೊಬ್ಬನ ಮೊದಲ ಪುಸ್ತಕ. ಅಂಥದ್ದನ್ನ ಅಚ್ಚು ಹಾಕೋ ಶಕ್ತಿ ಪ್ರಕಾಶಕರಿಗೆ ಬರೋದು ಹಿಂದೆ ನಿಂತ ಚಂದಾದಾರರಿಂದ.

ನಮ್ಮ ಕಾಲದಲ್ಲೂ ಇಂಥ ಕೆಲಸ ನಡೆದಿದೆ. ವಿವೇಕ ಶಾನಭಾಗರು 2005ರಲ್ಲಿ ಶುರುಮಾಡಿದ 'ದೇಶಕಾಲ' ಅನ್ನೋ ತ್ರೈಮಾಸಿಕ ಏಳು ವರ್ಷ ನಡೀತು. ವಸುಧೇಂದ್ರ 'ಛಂದ ಪುಸ್ತಕ' ಪ್ರಕಾಶನ ಕಟ್ಟಿ, ಇನ್ನೂ ಒಂದೂ ಕಥಾಸಂಕಲನ ಬಾರದವರ ಹಸ್ತಪ್ರತಿ ಕರೆದು, ಆರಿಸಿದ್ದನ್ನ ಅಚ್ಚು ಹಾಕಿದರು. ಎರಡನ್ನೂ ಕಟ್ಟಿದವರು ನೌಕರಿಯ ಒತ್ತಡ ಏನು ಅಂತ ಗೊತ್ತಿದ್ದವರು.

ಪಿಡಿಎಫ್ ವಿಷಯ

ಈಗ ಕಹಿ ಮಾತು. ಊರಿಂದ ದೂರ ಇರೋ ನಮಗೆ ಪಿಡಿಎಫ್ ದೊಡ್ಡ ಆಸೆ. ಪುಸ್ತಕ ಸಿಗಲ್ಲ, ಪೋಸ್ಟಿನ ಖರ್ಚು, ಮನೆಯಲ್ಲಿ ಜಾಗ ಇಲ್ಲ. ಕಾರಣಗಳು ಸುಳ್ಳಲ್ಲ. ಆದರೆ ಬದುಕಿರೋ ಲೇಖಕರ ಪುಸ್ತಕ ಸ್ಕ್ಯಾನ್ ಮಾಡಿ 250 ಜನರ ಗುಂಪಿಗೆ ಹಾಕಿದರೆ ಏನಾಗುತ್ತೆ ಅಂತ ಈಗ ಹೇಳಿದ ಲೆಕ್ಕದ ಜೊತೆ ಸೇರಿಸಿ ನೋಡಿ. ಅಷ್ಟೂ ಜನ ಓದಲ್ಲ ಅನ್ನಿ. ಆದರೆ ಕೊಂಡು ಓದಬಹುದಾಗಿದ್ದ ಇಪ್ಪತ್ತು ಮೂವತ್ತು ಜನ ಆ ಗುಂಪಿನಲ್ಲೇ ಇರ್ತಾರೆ. ಅವರು "ಫೋನಲ್ಲಿ ಇದೆಯಲ್ಲ, ಆಮೇಲೆ ಓದಿದರಾಯ್ತು" ಅಂದುಕೊಳ್ತಾರೆ. ಕೊಳ್ಳೋದೂ ಇಲ್ಲ, ಓದೋದೂ ಇಲ್ಲ.

ಕಾನೂನು ಗೊತ್ತಿರಲಿ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ಬದುಕಿರೋವರೆಗೆ, ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತೆ. ಆ 60 ವರ್ಷ ಎಣಿಸೋದು ತೀರಿಕೊಂಡ ಮುಂದಿನ ಜನವರಿಯಿಂದ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು 2023ರ ಕೊನೆಗೆ ಮುಗಿದಿದೆ. ಅವನ್ನ ಧಾರಾಳವಾಗಿ ಹಂಚಿ. ಗಳಗನಾಥರು ಇನ್ನೂ ಹಿಂದಿನವರು, ಅವರದ್ದೂ ಹಂಚಬಹುದು. ಬೇಂದ್ರೆಯವರು 1981ರಲ್ಲಿ, ಮಾಸ್ತಿಯವರು 1986ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳಿಗೆ ಇನ್ನೂ ಹಕ್ಕಿದೆ. ಲೇಖಕರೇ ಉಚಿತವಾಗಿ ಕೊಟ್ಟಿದ್ದರೆ ಅದು ಬೇರೆ ಮಾತು.

ಪುಸ್ತಕ ಸಿಗೋದಿಲ್ಲ ಅನ್ನೋದಕ್ಕೆ ಈಗ ಪರಿಹಾರ ಇದೆ. ಬೆಂಗಳೂರಿನ ಪುಸ್ತಕದಂಗಡಿಗಳು, ಎಷ್ಟೋ ಪ್ರಕಾಶಕರು ಫೋನ್ ಮಾಡಿ ಹಣ ಕಳಿಸಿದರೆ ಹೊರರಾಜ್ಯಕ್ಕೂ ಕಳಿಸ್ತಾರೆ. 2025ರ ಮೇ 1ರಿಂದ ಅಂಚೆ ಇಲಾಖೆ 'ಜ್ಞಾನ ಪೋಸ್ಟ್' ಅಂತ ಪುಸ್ತಕಕ್ಕೆಂದೇ ಒಂದು ಸೇವೆ ಶುರುಮಾಡಿತು. ಆಗ ಇಟ್ಟ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಊರಲ್ಲಿರೋ ಅಕ್ಕನೋ ತಮ್ಮನೋ ಹತ್ತು ಪುಸ್ತಕ ಕಟ್ಟಿ ಕಳಿಸೋಕೆ ಇದು ಸಾಕು. ಫೋನಿನಲ್ಲೇ ಓದೋರಿಗೆ ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡದ ಇ-ಪುಸ್ತಕಗಳು ಸಿಗ್ತವೆ.

ನಮ್ಮ ಗುಂಪಿನಲ್ಲಿ ಏನು ಮಾಡ್ತೀವಿ

ಪುಣೆಯ ನಮ್ಮ ಗುಂಪು ಚಿಕ್ಕದು, ಹದಿನಾಲ್ಕು ಜನ. ನಿಯಮ ನಾಲ್ಕೇ. ತಿಂಗಳಿಗೆ ಒಂದು ಪುಸ್ತಕ. ಎಲ್ಲರೂ ಕೊಳ್ಳಬೇಕು, ಗಂಡ ಹೆಂಡತಿ ಇಬ್ಬರೂ ಇದ್ದರೆ ಮನೆಗೊಂದು ಸಾಕು. ಪಾರ್ಸೆಲ್ ಒಂದೇ ವಿಳಾಸಕ್ಕೆ ತರಿಸಿ ಹಂಚಿಕೊಳ್ತೀವಿ. ತಿಂಗಳ ಕೊನೇ ಭಾನುವಾರ ಸಂಜೆ ವಿಡಿಯೋ ಕಾಲ್; "ಚೆನ್ನಾಗಿದೆ" ಅಂತ ಮಾತ್ರ ಹೇಳೋ ಹಾಗಿಲ್ಲ, ಯಾವ ಪುಟ, ಯಾಕೆ ಅಂತ ಹೇಳಬೇಕು. ಆಮೇಲೆ ಆ ಮಾತುಗಳನ್ನ ಒಬ್ಬರು ಒಂದು ಪುಟದಲ್ಲಿ ಬರೆದು ಲೇಖಕರಿಗೆ ಕಳಿಸ್ತಾರೆ. ಅವರು ತೀರಿಕೊಂಡಿದ್ದರೆ ಪ್ರಕಾಶಕರಿಗೆ.

ಆ ಒಂದು ಪುಟಕ್ಕೆ ಬರೋ ಉತ್ತರ ನೋಡಿದರೆ ಲೇಖಕರಿಗೆ ಏನು ಬೇಕಾಗಿತ್ತು ಅಂತ ಅರ್ಥ ಆಗುತ್ತೆ. ಪುಸ್ತಕ ಬಂದು ಎರಡು ವರ್ಷ ಆದರೂ ಹೀಗೆ ಪುಟ ಸಮೇತ ಯಾರೂ ಬರೆದಿರಲಿಲ್ಲ ಅಂತ ಒಬ್ಬ ಕಥೆಗಾರರು ಉತ್ತರ ಬರೆದರು. ಅವರು ಹೊಗಳಿಕೆಗೆ ಕಾಯ್ತಾ ಇರಲಿಲ್ಲ. ನಮ್ಮಲ್ಲಿ ಇಬ್ಬರು ಅವರ ಒಂದು ಕಥೆಯ ಕೊನೆ ಸರಿಯಿಲ್ಲ ಅಂತ ಹೇಳಿದ್ದೂ ಆ ಪತ್ರದಲ್ಲಿತ್ತು. ಅದಕ್ಕೇ ಅವರು ಹೆಚ್ಚು ಉದ್ದವಾಗಿ ಉತ್ತರಿಸಿದ್ದರು.

ಓದೋರಿಗೂ ಲಾಭ ಇದೆ. 'ಶಿಕಾರಿ' ಓದಿದ ತಿಂಗಳು ನಮ್ಮ ಗುಂಪಿನ ಒಬ್ಬರು ಕೆಲಸದಲ್ಲಿ ಪಿಐಪಿ ಮೇಲಿದ್ದರು. ನಮಗ್ಯಾರಿಗೂ ಹೇಳಿರಲಿಲ್ಲ. ಮಾತಾಡೋ ಸರದಿ ಬಂದಾಗ "ಇದು 1979ರ ಪುಸ್ತಕನಾ? ನಮ್ಮ ಹೋದ ವಾರದ ಮೀಟಿಂಗ್ ಇದರಲ್ಲಿದೆ" ಅಂದರು. ಆಮೇಲೆ ಎಲ್ಲ ಹೇಳಿಕೊಂಡರು. ಅವತ್ತು ಕರೆ ಮುಗಿದಾಗ ರಾತ್ರಿ ಹತ್ತೂವರೆ. ಎರಡು ತಿಂಗಳಲ್ಲಿ ಆ ಕೆಲಸ ಹೋಯ್ತು, ಹೊಸದು ಸಿಗೋಕೆ ಆರು ತಿಂಗಳು ಹಿಡೀತು. ಆ ಆರು ತಿಂಗಳಲ್ಲಿ ಅವರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಪುಸ್ತಕದಿಂದ ನೌಕರಿ ಉಳಿಯಲಿಲ್ಲ, ಉಳಿಯೋದೂ ಇಲ್ಲ. ಆದರೆ ಮನೆಯವರಿಗೂ ಹೇಳಲಾಗದ್ದನ್ನ ಹೇಳೋಕೆ ಅವರಿಗೆ ನಮ್ಮ ಭಾಷೆಯಲ್ಲೇ ಒಂದು ಜಾಗ ಸಿಕ್ಕಿತು.

ಇನ್ನೊಂದು ವಿಷಯ. ಗುಂಪಿನಲ್ಲಿ ಇಬ್ಬರಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಹುಟ್ಟಿ ಬೆಳೆದದ್ದು ಇಲ್ಲೇ. ಅವರಿಗೋಸ್ಕರ ಬುಧವಾರ ರಾತ್ರಿ ಅರ್ಧ ಗಂಟೆ ಗಟ್ಟಿಯಾಗಿ ಓದ್ತೀವಿ. ಈಗ ಅವರಲ್ಲಿ ಒಬ್ಬರು ನಿಧಾನವಾಗಿ ಅಕ್ಷರ ಕೂಡಿಸಿ ಓದ್ತಾರೆ. ಬರೆಯೋ ಆಸೆ ಇರೋ ಮೂವರು ತಿಂಗಳಿಗೊಮ್ಮೆ ಪ್ರತ್ಯೇಕವಾಗಿ ಸೇರಿ, ತಲಾ ಮೂರು ಪುಟ ಬರೆದು ತಂದು ಓದ್ತಾರೆ. ಆಫೀಸಿಗಿರೋ ಹಾಗೆ ಬರವಣಿಗೆಗೂ ಒಂದು ಗಡುವು ಇದ್ದರೆ ಪುಟ ಮುಂದಕ್ಕೆ ಹೋಗುತ್ತೆ.

ನೀವಿರೋ ಊರಲ್ಲಿ ಐದು ಜನ ಸಿಕ್ಕರೂ ಇದನ್ನ ಶುರುಮಾಡಬಹುದು. ದೊಡ್ಡ ಗುಂಪು ಬೇಡ, ಅಡ್ಮಿನ್ ಜಗಳವೂ ಬೇಡ. ಈ ತಿಂಗಳು ಬದುಕಿರೋ ಒಬ್ಬ ಲೇಖಕರ, ಆದರೆ ಮೊದಲ ಅಥವಾ ಎರಡನೇ ಪುಸ್ತಕವನ್ನ ಐದು ಪ್ರತಿ ತರಿಸಿ. ಓದಿ. ಓದಿದ ಮೇಲೆ ಅವರಿಗೆ ಒಂದು ಪುಟ ಬರೀರಿ, ಇಷ್ಟವಾಗದ್ದನ್ನೂ ಸೇರಿಸಿ. ಅವರೂ ನಮ್ಮ ಹಾಗೆ ಎಲ್ಲೋ ಆಫೀಸ್ ಮುಗಿಸಿ ಮನೆಗೆ ಬಂದು, ಮುಂದಿನದನ್ನ ಬರೀಬೇಕೋ ಬೇಡವೋ ಅಂತ ಯೋಚನೆ ಮಾಡ್ತಾ ಇರಬಹುದು.

ಯಾವ ಪುಸ್ತಕ ಆರಿಸಿದಿರಿ ಅಂತ ತಿಳಿಸಿ.