ಟಬ್ ತೆಗೆಸುವ ಮುನ್ನ ಟೇಪ್ ಹಿಡಿಯಿರಿ

ಇಂಗ್ಲೆಂಡಿನಲ್ಲಿ ಹಳೆಯ ಸಾಲುಮನೆ ಕೊಂಡ ಕನ್ನಡಿಗರಿಗೆ ಬಾತ್‌ರೂಮಿನ ಚಿಂತೆ ಶುರುವಾಗುವುದು ಊರಿನಿಂದ ಅಪ್ಪ-ಅಮ್ಮ ಬರುವ ಟಿಕೆಟ್ ಬುಕ್ ಆದ ಮೇಲೆ. ಇಂಥ ಎಷ್ಟೋ ಮನೆಗಳನ್ನು ಕಟ್ಟುವಾಗ ಒಳಗೆ ಬಚ್ಚಲೇ ಇರಲಿಲ್ಲ. ಆಮೇಲೆ ಅಡುಗೆಮನೆಯ ಹಿಂದೆಯೋ, ಮಹಡಿಯ ಚಿಕ್ಕ ಕೋಣೆಯಲ್ಲೋ ಮಾಡಿಕೊಂಡದ್ದು. ರೆಡಿಂಗ್‌ನಲ್ಲಿರುವ ನಮ್ಮ ಮನೆಯದು ಮಹಡಿಯ ಮೇಲೆ, 2.1 ಮೀಟರ್ ಉದ್ದ, 1.7 ಮೀಟರ್ ಅಗಲ. 1700 ಮಿ.ಮೀ. ಉದ್ದ, 700 ಮಿ.ಮೀ. ಅಗಲದ ಟಬ್ಬೇ ಅದರಲ್ಲಿ ಮೂರನೇ ಒಂದು ಪಾಲು ನುಂಗಿತ್ತು.

ಮಂಡಿನೋವಿನ ಅಮ್ಮ ಆ ಟಬ್ಬಿನ ಅಂಚು ದಾಟಿ ಒಳಗಿಳಿಯಬೇಕು, ಒದ್ದೆ ಕಾಲಲ್ಲೇ ಹತ್ತಿ ಹೊರಬರಬೇಕು. ತೆಗೆಸೋಣವೆಂದರೆ ‘ಮಕ್ಕಳಿರುವವರು ಟಬ್ ಇಲ್ಲದ ಮನೆ ಕೊಳ್ಳುವುದಿಲ್ಲ’ ಎಂದು ಎಸ್ಟೇಟ್ ಏಜೆಂಟ್ ಹೆದರಿಸಿದರು. ಇರಬಹುದು. ಎಂದೋ ಮಾರುವ ಮನೆಯ ಬೆಲೆಗಾಗಿ ಇಂದು ಅಮ್ಮನ ಸೊಂಟವನ್ನು ಅಡವಿಡುವ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲು ನೋಡಬೇಕಾದ್ದು ಟೈಲ್ಸ್ ಬಣ್ಣವಲ್ಲ, ಕಮೋಡಿನ ಪೈಪು. 110 ಮಿ.ಮೀ. ದಪ್ಪದ ಆ ಪೈಪು ಇಳಿಜಾರಾಗಿ ಸಾಗಿ ಹೊರಗಿನ ದೊಡ್ಡ ಪೈಪಿಗೆ ಸೇರಬೇಕು. ಕಮೋಡನ್ನು ಎದುರುಗೋಡೆಗೆ ಒಯ್ದರೆ ನೆಲವನ್ನು ಹೊತ್ತ ಮರದ ತೊಲೆಗಳು ಅಡ್ಡ ಬರುತ್ತವೆ. ಅದು ಇದ್ದಲ್ಲೇ ಇರಲಿ. ಮುಂದೆ 600 ಮಿ.ಮೀ. ಖಾಲಿ ಬಿಡಿ, ಸಾಕು. ಟಬ್ಬಿನದೇ ಅಳತೆಯ, ಅಂಚು ತಗ್ಗಾಗಿರುವ ಶವರ್ ಟ್ರೇಗಳು ಸಿಗುತ್ತವೆ. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದರೆ ಒಳಗೆ ಓಡಾಡಲು ಜಾಗ ಉಳಿಯುತ್ತದೆ. ಒಳಗಿದ್ದವರು ಜಾರಿ ಬಾಗಿಲಿಗೆ ಅಡ್ಡಲಾಗಿ ಬಿದ್ದರೂ ತೆಗೆಯಬಹುದು.

ಊರಿನ ಬಚ್ಚಲಿನಂತೆ ನೆಲಕ್ಕೆಲ್ಲ ನೀರು ಹೊಯ್ಯುವುದು ಇಲ್ಲಿ ನಡೆಯದು. ನೆಲ ಮರದ್ದು, ನೀರು ಹೋಗಲು ದಾರಿಯೂ ಇಲ್ಲ. ಒಂದು ಬಕೆಟ್ ಚೆಲ್ಲಿದರೆ ಕೆಳಗಿನ ಸೀಲಿಂಗ್ ತುಂಬ ಕಲೆ. ಆದರೆ ಆ ಟ್ರೇಯೊಳಗೆ ಬಕೆಟ್, ಚೊಂಬು, ಕೂರಲು ಒಂದು ಸ್ಟೂಲ್ ಆರಾಮಾಗಿ ಹಿಡಿಯುತ್ತವೆ. ಅಮ್ಮನಿಗೆ ಬೇಕಿದ್ದದ್ದೂ ಅಷ್ಟೇ.

ನನ್ನ ಕಸುಬಿನ ಮಾತೊಂದು. ಮನೆಯಲ್ಲಿ ವಾಸವಿರುವ ಹಿರಿಯರಿಗೆ 60 ತುಂಬಿದ್ದರೆ, ಅವರಿಗಾಗಿ ಗೋಡೆಗೆ ಬಿಗಿಸುವ ಹಿಡಿಕೆ, ಆಸನ ಜೋಡಿಸಿದ ಶವರ್ ಇಂಥವಕ್ಕೆ ವ್ಯಾಟ್ ಶೇ 20ರ ಬದಲು ಶೇ 5. ಸಾಮಾನು ಒದಗಿಸುವವರೇ ಜೋಡಿಸಿಯೂ ಕೊಡಬೇಕು. ನೀವೇ ಅಂಗಡಿಯಿಂದ ತಂದರೆ ಈ ದರ ಸಿಗದು. ಹಿಡಿಕೆ ಬರುವ ಕಡೆ ಟೈಲ್ಸ್ ಹಚ್ಚುವ ಮುಂಚೆಯೇ ಒಳಗೊಂದು ಗಟ್ಟಿ ಮರದ ಹಲಗೆ ಕೂರಿಸಲು ಹೇಳಿ. ಬರೀ ಪ್ಲಾಸ್ಟರ್‌ಬೋರ್ಡಿಗೆ ಬಿಗಿದ ಸ್ಕ್ರೂ, ಜಾರಿದವರ ಭಾರ ತಾಳುವುದಿಲ್ಲ.