ಕಾಡಿಗೆ ಕಳುಹಿಸಿದರೆ ಮಗ ಸರಿಹೋಗುತ್ತಾನೆಯೇ?

"ಇಂವನ್ನ ಎಲ್ಲ್ಯಾರ ದೂರ ಬಿಟ್ಟು ಬರ್ರಿ, ಬುದ್ಧಿ ಬರತೈತಿ." ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹದಿಹರೆಯದ ಮಗ ಮಾತು ಕೇಳದಿದ್ದರೆ ಹಿರಿಯರ ಬಾಯಲ್ಲಿ ಬರುವ ಮಾತಿದು. ಅಮೆರಿಕದಲ್ಲಿ ಇದೇ ಒಂದು ವ್ಯಾಪಾರ. ದಾರಿ ತಪ್ಪಿದ ಮಕ್ಕಳನ್ನು ವಾರಗಟ್ಟಲೆ ಕಾಡಿನಲ್ಲಿಟ್ಟು, ನಡೆಸಿ, ಕೌನ್ಸೆಲಿಂಗ್ ಕೊಡುವ ಶಿಬಿರಗಳಿವೆ. ಮಗ ಬದಲಾಗಿ ಬಂದ ಎನ್ನುವ ತಂದೆ-ತಾಯಂದಿರೂ ಇದ್ದಾರೆ, ನಡುರಾತ್ರಿ ಎಬ್ಬಿಸಿ ಅಪರಿಚಿತರು ಎಳೆದೊಯ್ದರು ಎನ್ನುವ ಮಕ್ಕಳೂ ಇದ್ದಾರೆ. 2024ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಒಂದು ಶಿಬಿರದಲ್ಲಿ 12 ವರ್ಷದ ಹುಡುಗ, ಬಂದ ಮರುದಿನವೇ ಗುಡಾರದೊಳಗೆ ಉಸಿರುಗಟ್ಟಿ ತೀರಿಕೊಂಡ. ಶಿಬಿರದ ಲೈಸೆನ್ಸ್ ರದ್ದಾಯಿತು. ಡಿಸೆಂಬರ್‌ನಲ್ಲಿ ಇಂಥ ಸಂಸ್ಥೆಗಳ ಮೇಲೆ ಕಣ್ಣಿಡಲು ಅಲ್ಲಿ ಹೊಸ ಕಾನೂನೂ ಬಂತು.

ಗುಡ್ಡ, ನೀರು ಕೆಟ್ಟದ್ದೇನಲ್ಲ. ಘಟಪ್ರಭೆ ಗೋಕಾಕದಲ್ಲಿ 52 ಮೀಟರ್ ಧುಮುಕುತ್ತದೆ, ಹಿಡಕಲ್ ಡ್ಯಾಮ್ ಹುಕ್ಕೇರಿ ತಾಲೂಕಿನಲ್ಲೇ ಇದೆ. ರವಿವಾರ ಬುತ್ತಿ ಕಟ್ಟಿಕೊಂಡು ತಂದೆಯೇ ಮಗನ ಜೊತೆ ಹೋಗಿ ಬರಲಿ. ತಕರಾರಿರುವುದು ಮನೆಯ ಸಂಪರ್ಕ ಕಡಿಯುವುದರ ಬಗ್ಗೆ. ಎಲ್ಲಿಗೇ ಕಳುಹಿಸಿ, ಮಗ ಬೇಕೆಂದಾಗ ಮನೆಗೆ ಫೋನ್ ಮಾಡಬಹುದೇ ಎಂದು ಮೊದಲು ಕೇಳಿ. ವಶದಲ್ಲಿರುವ ಮಗುವಿಗೆ ಹಿಂಸೆ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಡಿ ಜೈಲು ಶಿಕ್ಷೆಯಿದೆ. ಮಗನ ಮನಸ್ಸಿಗೇ ಏನೋ ಆಗಿದೆ ಎನಿಸಿದರೆ 14416 ಟೆಲಿ-ಮಾನಸ್‌ಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.