ಅಂಕ ತೋರುವ ಹಲಗೆ

ಕಬಡ್ಡಿಯಲ್ಲಿ ದಾಳಿಗೆ ಹೋದವನಿಗೆ ೩೦ ಸೆಕೆಂಡು ಮಾತ್ರ ಅವಕಾಶ. ನಮ್ಮ ಮೈದಾನದಲ್ಲಿ ಆ ಗಡಿಯಾರ ಇದ್ದುದು ಮೇಜಿನ ಬಳಿ ಕುಳಿತವರ ಅಂಗೈಯಲ್ಲಿ. ಅಂಕಗಳಿದ್ದುದು ಅವರ ಪುಸ್ತಕದಲ್ಲಿ. ಸುತ್ತ ನಿಂತ ಜನಕ್ಕೆ ಎರಡೂ ಕಾಣುತ್ತಿರಲಿಲ್ಲ. ಕಳೆದ ವರ್ಷ ಒಂದು ಪಂದ್ಯ ಈ ಕಾರಣದಿಂದಲೇ ಜಗಳದಲ್ಲಿ ಅರ್ಧಕ್ಕೆ ನಿಂತಿತು. ಆಗ ಇತಿಹಾಸ, ಅರ್ಥಶಾಸ್ತ್ರ ಓದುವ ನಾವು ನಾಲ್ವರು ಅಗ್ಗದ ವಿದ್ಯುತ್ ಹಲಗೆಯೊಂದನ್ನು ಕಟ್ಟಲು ಹೊರಟೆವು.

ಒಂದು ಅಂಕಿ ತೋರಲು ಏಳು ಗೆರೆ ಸಾಕು. ಏಳೂ ಬೆಳಗಿದರೆ ಇಂಗ್ಲಿಷಿನ ಎಂಟು. ಬಲಗಡೆಯ ಎರಡೇ ಬೆಳಗಿದರೆ ಒಂದು. (ನಮ್ಮ ಕನ್ನಡ ಅಂಕಿಗಳು ದುಂಡಗಿನವು, ಈ ನೇರ ಗೆರೆಗಳಿಗೆ ಒಗ್ಗವು. ಕನ್ನಡ ಅಧ್ಯಾಪಕರು ಮನ್ನಿಸಬೇಕು.) ತಂಡಕ್ಕೆ ಎರಡೆರಡು ಅಂಕಿ, ಗಡಿಯಾರಕ್ಕೆ ಎರಡು, ಒಟ್ಟು ೪೨ ಗೆರೆಗಳು. ಎಷ್ಟು ಸ್ಥಾನ ಬೇಕೆಂದು ಮೊದಲೇ ಎಣಿಸಬೇಕು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ನಾಡಿಯಾ ಕೊಮನೆಚಿ ಪೂರ್ಣ ಹತ್ತು ಅಂಕ ಪಡೆದಾಗ ಅಲ್ಲಿನ ಫಲಕ ೧.೦೦ ಎಂದು ತೋರಿಸಿತು. ಹತ್ತು ಬರೆಯಲು ಅದರಲ್ಲಿ ಸ್ಥಳವೇ ಇರಲಿಲ್ಲ!

ಗೆರೆಗಳಿಗೆ ನಾವು ಬಳಸಿದುದು ಹಬ್ಬದಲ್ಲಿ ಅಂಗಡಿಗಳ ಮುಂದೆ ಕಟ್ಟುವ ೧೨ ವೋಲ್ಟಿನ ಎಲ್‌ಇಡಿ ಪಟ್ಟಿ. ಮೂರು ಮೂರು ದೀಪಕ್ಕೊಮ್ಮೆ ಅದನ್ನು ಕತ್ತರಿಸಬಹುದು. ಕರೆಂಟು ಹೋದರೆ ಬೈಕಿನ ಬ್ಯಾಟರಿಯಿಂದಲೂ ಉರಿಯುತ್ತದೆ. ಎಣಿಕೆಯ ಕೆಲಸ ಆರ್ಡುಯಿನೊ ಎಂಬ ಅಂಗೈಯಗಲದ ಮಂಡಲಿಯದು. ಆದರೆ ಅದು ೫ ವೋಲ್ಟಿನ ಬಡಪಾಯಿ. ಪಟ್ಟಿಯ ಭಾರ ತಾಳದು. ನಡುವೆ ಯುಎಲ್‌ಎನ್ ೨೦೦೩ ಎಂಬ ಚಿಪ್ಪು ಬೇಕು. ಅದರಲ್ಲಿ ಸರಿಯಾಗಿ ಏಳು ದಾರಿಗಳಿವೆ. ಅಂಕಿಗೊಂದರಂತೆ ಆರು ಚಿಪ್ಪುಗಳಾದವು.

ಇಷ್ಟೂ ರಾತ್ರಿ ಕೊಠಡಿಯಲ್ಲಿ ಸೊಗಸಾಗಿ ನಡೆಯಿತು. ಮರುದಿನ ಮಧ್ಯಾಹ್ನ ಮೈದಾನಕ್ಕೆ ಒಯ್ದರೆ ಹಲಗೆಯಲ್ಲಿ ಏನೂ ಕಾಣದು! ಎರಡು ತಪ್ಪುಗಳಾಗಿದ್ದವು. ತಂತಿ ಉಳಿಸಲೆಂದು ಅಂಕಿಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ಬೆಳಗಿಸಿದ್ದೆವು. ಕಣ್ಣಿಗೆ ಆರೂ ಉರಿದಂತೆ ತೋರಿದರೂ ಪ್ರತಿಯೊಂದೂ ಉರಿಯುತ್ತಿದ್ದುದು ಆರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಬೆಳಕೂ ಅಷ್ಟೇ. ಎರಡನೆಯದು, ಹಲಗೆಗೆ ಹಚ್ಚಿದ ಹೊಳೆಯುವ ಕಪ್ಪು ಬಣ್ಣ. ಅದು ಬಿಸಿಲನ್ನೇ ಕನ್ನಡಿಯಂತೆ ನಮ್ಮತ್ತ ಎಸೆಯಿತು.

ಮೊದಲನೆಯದಕ್ಕೆ ೭೪ಎಚ್‌ಸಿ೫೯೫ ಎಂಬ ಚಿಪ್ಪುಗಳನ್ನು ಸರಪಳಿಯಾಗಿ ಜೋಡಿಸಿದೆವು. ಮೂರೇ ತಂತಿಗಳಲ್ಲಿ ಬಂದ ಆಜ್ಞೆಯನ್ನು ಅವು ಹಿಡಿದಿಟ್ಟುಕೊಂಡು ಎಲ್ಲ ಗೆರೆಗಳನ್ನೂ ಎಡೆಬಿಡದೆ ಉರಿಸುತ್ತವೆ. ಎರಡನೆಯದಕ್ಕೆ ಹೊಳಪಿಲ್ಲದ ಕಪ್ಪು, ಕೆಂಪು ದೀಪ, ಅದರ ಮುಂದೆ ಪಾರದರ್ಶಕ ಕೆಂಪು ಹಾಳೆ, ಮೇಲೊಂದು ತಗಡಿನ ಸೂರು. ಪಂದ್ಯಗಳು ಚಳಿಗಾಲದಲ್ಲಿ ನಡೆಯುವುದರಿಂದ, ಸೂರ್ಯ ದಕ್ಷಿಣಕ್ಕಿರುವಾಗ ಬಿಸಿಲು ನೇರ ಬೀಳದಂತೆ ಹಲಗೆಯ ಮುಖವನ್ನು ಉತ್ತರಕ್ಕೆ ತಿರುಗಿಸಿದೆವು. ಇದಕ್ಕೆ ಕಾಸು ಖರ್ಚಾಗಲಿಲ್ಲ.

ಗುಂಡಿಗಳ ಪೆಟ್ಟಿಗೆಯಲ್ಲಿ ಮೊದಲು ಅಂಕ ಕೂಡಿಸುವ ಗುಂಡಿಗಳು ಮಾತ್ರ ಇದ್ದವು. ಮೊದಲ ಪಂದ್ಯದಲ್ಲೇ ನನ್ನ ಕೈ ತಪ್ಪಿ ಎದುರು ತಂಡಕ್ಕೆ ಒಂದಂಕ ಹೆಚ್ಚಾಯಿತು, ಇಳಿಸಲು ದಾರಿಯಿಲ್ಲ. ಮೇಜಿನ ಪುಸ್ತಕದಲ್ಲಿ ಲೆಕ್ಕ ಸರಿಯಿದ್ದರೂ ಜನ ಹಲಗೆಯನ್ನೇ ನಂಬಿ ಕೂಗತೊಡಗಿದರು. ಆ ರಾತ್ರಿಯೇ ಕಳೆಯುವ ಗುಂಡಿಗಳೆರಡನ್ನು ಕೂರಿಸಿದೆವು.